ಸಾವಿನ ಮನೆಯ ಬಿಸ್ಕತ್ತು

ನಮ್ಮ ಸೋದರತ್ತೆಗೆ ಯಮನ ಆಫೀಸಿನಲ್ಲಿ ಒಳಗಿನವರು ಯಾರೋ ಗೊತ್ತು ಎಂಬುದು ಟಿ. ನರಸೀಪುರದ ನಮ್ಮ ಬೀದಿಯವರ ದೃಢ ನಂಬಿಕೆ. ಇಲ್ಲದಿದ್ದರೆ, ಸತ್ತ ಸುದ್ದಿ ಬೀದಿಗೆ ಬರುವ ಮೊದಲೇ ಅವರ ಅಡುಗೆಮನೆಯಿಂದ ಬಿಸ್ಕತ್ತಿನ ಘಮ ಹೇಗೆ ಬರಬೇಕು ಹೇಳಿ! ನಿಜ ಹೇಳಿಬಿಡುತ್ತೇನೆ. ಅತ್ತೆಗೆ ಯಮನ ಪರಿಚಯವಿಲ್ಲ, ಹೂವಿನಂಗಡಿಯವರ ಪರಿಚಯವಿದೆ. ಹಾರಕ್ಕೆ ಮೊದಲು ಫೋನ್ ಹೋಗುವುದು ಅಲ್ಲಿಗೇ ಅಲ್ಲವೆ?

ಸಾವಿನ ಮನೆಯಲ್ಲಿ ಒಲೆ ಹಚ್ಚುವುದಿಲ್ಲ. ಅಕ್ಕಪಕ್ಕದವರು ಅನ್ನ ಸಾರು ಮಾಡಿ ಒಯ್ಯುತ್ತಾರೆ. ಅತ್ತೆ ಮಾತ್ರ ಬಿಸ್ಕತ್ತು ಒಯ್ಯುತ್ತಾರೆ. ಅವರ ವಾದ ಕೇಳಿ: “ತಟ್ಟೆ ಮುಂದೆ ಕೂತ್ಕಂಡು ಅನ್ನ ಕಲಸ್ತಾ ಅಳಕಾಯ್ತದೇನ್ಲಾ? ಬಿಸ್ಕತ್ತಾದ್ರೆ ಒಂದ್ ಕೈಲಿ ಅದು, ಇನ್ನೊಂದ್ ಕೈಲಿ ಸೆರಗು.”

ಓವನ್ ಗೀವನ್ ಏನೂ ಇಲ್ಲ. ಹಂಡೆಯಂಥ ಕುಕ್ಕರಿನ ವಿಷಲ್ಲು, ರಬ್ಬರು ಕಿತ್ತು, ತಳಕ್ಕೆ ಕಪಿಲಾ ಹೊಳೆಯ ಮರಳು ಹರವಿ ಕಾಯಿಸಿ, ಅದರೊಳಗೆ ತಟ್ಟೆ ಇಟ್ಟು ಬೇಯಿಸುವುದು. ರಾಗಿ, ಬೆಲ್ಲ, ಬೆಣ್ಣೆ, ಅಷ್ಟೆ. ಸತ್ತವರ ಮನೆಯಲ್ಲಿ ಚಿಕ್ಕ ಮಕ್ಕಳಿದ್ದರೆ ಖರ್ಜೂರ, ಕಡಲೇಬೀಜ, ಚಾಕಲೇಟು ಸೇರಿಸಿ, ಕೊಬ್ಬರಿಮಿಠಾಯಿಯಂತೆ ಚೌಕ ಚೌಕವಾಗಿ ಕತ್ತರಿಸಿದ ‘ಬಾರ್’ ಕೂಡ ಉಂಟು. ಗಟ್ಟಿತನವನ್ನು ಮಾತ್ರ ಕೇಳಬೇಡಿ. ದುಃಖಿತರು ಕಟಕಟನೆ ಕಡಿಯುವ ಸದ್ದಿನಲ್ಲಿ ಅಳುವೇ ಕೇಳಿಸುವುದಿಲ್ಲ!

ಒಮ್ಮೆ ಘಮ ಹೊರಟದ್ದೇ ತಡ, ಮೂಲೆಮನೆಯ ಕೆಮ್ಮಿನ ತಾತ ಜಗಲಿಗೆ ಓಡಿಬಂದು ಕೂಗಿದರು: “ಏನವ್ವಾ, ನಂಗೇನಾ?”

“ಇಲ್ಲ ಕಣ್ ತಾತ, ಪಕ್ಕದೂರು ಸೋಸಲೇಲಿ. ನೀನ್ ಒಳಕ್ಕೋಗಿ ಮಲಿಕ್ಕೊ.”

ಇನ್ನೊಮ್ಮೆ ನಂಜನಗೂಡಿನ ನೆಂಟರೊಬ್ಬರು ಹೋದರೆಂದು ಯಾರೋ ಅವಸರಕ್ಕೆ ಸುದ್ದಿ ಕೊಟ್ಟರು. ಡಬ್ಬ ಹೊತ್ತು ನಾನು, ಅಳುಮುಖ ಹೊತ್ತು ಅತ್ತೆ, ಬಸ್ಸು ಹತ್ತಿ ಹೋದೆವು. ನೋಡಿದರೆ ಆ ಪುಣ್ಯಾತ್ಮ ದಿಂಬಿಗೊರಗಿ ಕಾಫಿ ಕುಡಿಯುತ್ತಿದ್ದಾರೆ! ಡಬ್ಬ ಕಂಡದ್ದೇ ಲೋಟ ಕೆಳಗಿಟ್ಟು, ದಿಂಬು ಬಿಟ್ಟು ನೆಟ್ಟಗೆ ಕೂತರು. ಅತ್ತೆ ಸಮಾಧಾನ ಹೇಳಿದರು: “ಗಾಬ್ರಿ ಬೀಳ್ಬ್ಯಾಡಿ. ಎಂಟ್ ದಿನ ಇಟ್ರೂ ಕೆಡಕಿಲ್ಲ.”

ಸಾವಿನ ಮನೆಗೆ ಒಯ್ಯುವುದನ್ನು ಮನೆಯಲ್ಲಿ ರುಚಿ ನೋಡಬಾರದು, ಚೂರೂ ಉಳಿಸಬಾರದು, ಬೇರೆ ದಿನ ಮಾಡಲೂಬಾರದು ಎಂಬುದು ಅತ್ತೆಯ ಕಾನೂನು. ಅವರ ಯಜಮಾನರು, ಅಂದರೆ ನಮ್ಮ ಮಾವ, ಸಾವಿನ ಮನೆಯಲ್ಲಿ ನೀರೂ ಮುಟ್ಟುವವರಲ್ಲ. ಹೀಗಾಗಿ ಇಷ್ಟು ವರ್ಷವೂ ಮಾವನಿಗೆ ದಕ್ಕಿದ್ದು ವಾಸನೆ ಮಾತ್ರ.

ಇನ್ನು ನನ್ನ ವಿಷಯ. ಕಂಡವರನ್ನೆಲ್ಲ ಅಣಕಿಸುವುದೇ ನನ್ನ ಕಸುಬು. ಈ ಕಸುಬಿನಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ನನ್ನಪ್ಪ ಬೈಯುವುದನ್ನೂ ಅಪ್ಪನ ದನಿಯಲ್ಲೇ ಬೈದುಕೊಳ್ಳಬಲ್ಲೆ. ಆದರೆ ಹೆಸರು ತಂದುಕೊಟ್ಟದ್ದು ಅತ್ತೆಯ ಸಾವಿನಮನೆ ದನಿ. ತಲೆ ಓರೆ ಮಾಡಿ, ಅರ್ಧ ಮೂಗಿನಲ್ಲಿ: “ತಕ್ಕಳಿ, ಒಂದ್ ಬಾಯಿಗಾಕ್ಕಳಿ. ಅಳಕ್ಕೂ ಶಕ್ತಿ ಬೇಕಲ್ವಾ?” ಇದಕ್ಕೆ ಎಲ್ಲರಿಗಿಂತ ಹೆಚ್ಚು ನಗುತ್ತಿದ್ದವರು ಮಾವ.

ಹೋದ ವರ್ಷ ಆ ಮಾವನ ಗಂಟಲಲ್ಲಿ ಗಡ್ಡೆ ಎದ್ದಿತು. ಮೈಸೂರಿನ ಆಸ್ಪತ್ರೆಯಲ್ಲಿ ಕರೆಂಟು, ಅಂದರೆ ರೇಡಿಯೇಶನ್, ಕೊಡಿಸಿದೆವು. ಗಡ್ಡೆ ಹಾಗೇ ಉಳಿಯಿತು, ಬಾಯಿ ಸುಟ್ಟು ಹುಣ್ಣಾಯಿತು. ಕೊನೆಗೆ ಡಾಕ್ಟರು, “ಮನೆಗೆ ಕರ್ಕೊಂಡು ಹೋಗಿ, ಏನು ಕೇಳ್ತಾರೋ ಕೊಡಿ” ಎಂದರು. ಅದರ ಅರ್ಥವನ್ನು ಯಾರೂ ಯಾರಿಗೂ ಬಿಡಿಸಿ ಹೇಳಲಿಲ್ಲ. ಮಾವ ಕೇಳಿದ್ದು ಬಿಸ್ಕತ್ತು!

“ಈ ಮನೆಗೆ ನಾನದನ್ನ ಮಾಡಕಿಲ್ಲ” ಎಂದರು ಅತ್ತೆ.

“ಊರ್ ಮಂದಿಗೆಲ್ಲ ಮಾಡ್ದೆ. ನನ್ ಸರದಿ ಬಂದಾಗ ಮಾಡೇ ಮಾಡ್ತೀಯ. ಆಗ ನಾನ್ ತಿನ್ನದೆಂಗೆ? ಈಗ್ಲೇ ಕೊಟ್ಬುಡು.”

“ಬಾಯಿ ಮುಚ್ಕಂಡು ಮಲಿಕ್ಕಳಿ.”

“ಮುಚ್ಚಕ್ಕೂ ನೋವು ಕಣೇ.”

ಅತ್ತೆ ಗಂಜಿ ಕೊಟ್ಟರು, ಎಳನೀರು ಕೊಟ್ಟರು, ಹಾಲು ಕೊಟ್ಟರು. ದಿನ ಕಳೆದಂತೆ ಮಾವ ಎಲ್ಲ ಲೋಟಗಳನ್ನೂ ಪಕ್ಕಕ್ಕೆ ಸರಿಸತೊಡಗಿದರು.

ಒಂದು ಸಂಜೆ ನನ್ನನ್ನು ಕರೆದು, “ನಿಮ್ಮತ್ತೆ ತರ ಮಾಡ್ಲಾ, ನೋಡಾನ” ಎಂದರು. ಅತ್ತೆ ಪಕ್ಕದಲ್ಲೇ ಕೂತಿದ್ದಾರೆ! ಆದರೂ ತಲೆ ಓರೆ ಮಾಡಿದೆ. “ತಕ್ಕಳಿ, ಒಂದ್ ಬಾಯಿಗಾಕ್ಕಳಿ...”

ಮಾವ ನಗಲಿಲ್ಲ. ನನ್ನ ಮುಂದೆ ಅಂಗೈ ಚಾಚಿದರು. ಬರಿಗೈಯ ಅಣಕಿಗ ನಾನು, ಏನು ಕೊಡಲಿ? ಚಾಚಿದ ಕೈ ಹಾಗೇ ಇತ್ತು. ಅತ್ತೆ ಎದ್ದು ಒಳಗೆ ಹೋದರು. ಅಟ್ಟದಿಂದ ಕುಕ್ಕರು ಇಳಿದ ಸದ್ದಾಯಿತು.

ಘಮ ಬೀದಿಗಿಳಿಯಿತು. ಮುಂದಿನದನ್ನು ಹೇಳಬೇಕೆ? ಎದುರುಮನೆಯವರು ತಮ್ಮ ರಾತ್ರಿಯೂಟದ ಅನ್ನ ಸಾರನ್ನು ತಪ್ಪಲೆ ಸಮೇತ ಹೊತ್ತುತಂದರು. ಹಿಂದೆಯೇ ಕೆಮ್ಮಿನ ತಾತ, ಟವೆಲ್ಲಿನಲ್ಲಿ ಕಣ್ಣೊರೆಸುತ್ತ: “ದ್ಯಾವ್ರಂಥ ಮನ್ಸ ಕಣವ್ವಾ! ಅಂಥೋರೇ ಮೊದ್ಲು ಓಗದು!”

ಒಳಗಿನಿಂದ ಮಾವನ ಒಡಕು ದನಿ: “ಯಾರ್ಲಾ ಅದು? ಒಳಕ್ ಕರ್ಕಂಡ್ ಬಾ. ಇನ್ನೊಂದ್ ಸಲ ಯೇಳ್ಲಿ.”

ತಾತ ಬಾಗಿಲಲ್ಲೇ ಕುಸಿದು ಕೂತರು. ಅವರಿಗೆ ನೀರು ಕುಡಿಸುವಷ್ಟರಲ್ಲಿ ಅತ್ತೆ ಒಂದು ಬಿಸ್ಕತ್ತನ್ನು ಸೆರಗಿನಲ್ಲಿ ಹಿಡಿದು ತಂದರು. ಮಾವ ಅದನ್ನು ನಾಲಿಗೆಯ ಮೇಲಿಟ್ಟುಕೊಂಡು ಕಣ್ಣು ಮುಚ್ಚಿದರು. ನೋವಿಗೆ ಕೂಗುತ್ತಾರೆಂದು ನಾನು ನೀರಿನ ಲೋಟ ಹಿಡಿದು ನಿಂತೆ.

“ಇಷ್ಟ್ ಮೆತ್ಗಿರ್ತದಾ ಇದು? ಊರೋರೆಲ್ಲ ಕಲ್ಲು ಅಂತಿದ್ರಲ್ಲೇ!”

“ಬಿಸೀಲಿ ಮೆತ್ಗೆ ಕಣ್ರೀ. ಆರುದ್ ಮ್ಯಾಲೆ ಕಲ್ಲು.” ಎಂದರು ಅತ್ತೆ. ಅವರು ಮಾಡಿದ್ದನ್ನು ಬಿಸಿಯಾಗಿ ಅದುವರೆಗೆ ಯಾರೂ ತಿಂದಿರಲಿಲ್ಲ.

“ಇನ್ನೊಂದು” ಎಂದರು ಮಾವ.

ಅತ್ತೆ ತಟ್ಟೆಯಲ್ಲಿ ಆರುತ್ತಿದ್ದವನ್ನೆಲ್ಲ ಬಂದವರಿಗೆ ಹಂಚೆಂದು ನನ್ನ ಕೈಗೆ ಕೊಟ್ಟರು. ನಿಂಬೆಗಾತ್ರದ ಹಿಟ್ಟು ತಟ್ಟಿ, ಅಷ್ಟು ದೊಡ್ಡ ಕುಕ್ಕರಿನ ನಡುಮಧ್ಯೆ ಒಂದೇ ಒಂದನ್ನಿಟ್ಟು, ಮುಚ್ಚಳ ಮುಚ್ಚಿ ಅದರ ಮುಂದೆ ನಿಂತರು.

“ಒಂದೊಂದೇ ಯಾಕತ್ತೆ?” ಎಂದೆ, ನನ್ನದೇ ದನಿಯಲ್ಲಿ.

“ಎರಡಿಟ್ರೆ, ಅವ್ರು ಒಂದ್ ನುಂಗೋ ಒತ್ಗೆ ಇನ್ನೊಂದ್ ಆರೋಯ್ತದೆ ಕಣ್ಲಾ.”