ಗುಬ್ಬಿ ದೋಣಿ ಸಂಘಕ್ಕೊಂದು ರಾಜೀನಾಮೆ

ಆವತ್ತು ಬೆಳಿಗ್ಗೆ ಗಡಿಯಾರದಂಗಡಿಯ ಯಜಮಾನರು ಹಲ್ಲುಜ್ಜುತ್ತಾ ಕನ್ನಡಿಗೆ ರಾಜೀನಾಮೆ ಕೊಟ್ಟರು. ಬಾಯ್ತುಂಬ ನೊರೆ ಇದ್ದುದರಿಂದ ಕನ್ನಡಿಗೆ ಪೂರ್ತಿ ಅರ್ಥವಾಗಲಿಲ್ಲ. ಅಡಿಗೆಮನೆಯಲ್ಲಿದ್ದ ಹೆಂಡತಿಗೆ ಅರ್ಥವಾಯಿತು.

“ಹೋದ ವರ್ಷಾನೂ ಹೀಗೇ ಅಂದ್ರಿ. ರಾಜೀನಾಮೆ ಕೊಡೋಕೆ ಅಂತ ಹೋದೋರು ಹರಿದ ಹಾಯಿ ಹೊತ್ಕೊಂಡು ಬಂದ್ರಿ. ಅದನ್ನೆಲ್ಲ ಕೂತ್ಕೊಂಡು ಹೊಲಿದಿದ್ದು ಯಾರು?”

“ಈ ಸಲ ಖಂಡಿತ ಕಣೇ.”

“ಅದೇನು ಖಂಡಿತಾನೋ ನೋಡೇಬಿಡ್ತೀನಿ. ನಾನೂ ಬರ್ತೀನಿ, ನಡೀರಿ.”

ಗುಬ್ಬಿ ಎಂದರೆ ಒಂದೇ ಹಾಯಿಯ, ಒಬ್ಬರೇ ಕೂರಬಹುದಾದ ಪುಟ್ಟ ರೇಸಿನ ದೋಣಿ. ಊರಂಚಿನ ಕೆರೆಯಲ್ಲಿ ಅದನ್ನು ಓಡಿಸುವವರದೊಂದು ಸಂಘ. ಓಡಿಸಲು ಎಲ್ಲರೂ ಮುಂದು, ಕೆಲಸಕ್ಕೆ ಮಾತ್ರ ಯಾರೂ ಇಲ್ಲ. “ಗಡಿಯಾರದವರಲ್ವಾ, ಟೈಮ್ ನೋಡೋಕೆ ಬರುತ್ತೆ” ಎಂಬ ಒಂದೇ ಅರ್ಹತೆಯ ಮೇಲೆ ಇವರನ್ನು ಹಿಡಿದು ಕಾರ್ಯದರ್ಶಿ ಮಾಡಿದ್ದರು. ಅಂದಿನಿಂದ, ಅವರು ಕೈಯಾರೆ ಕಟ್ಟಿದ ದೋಣಿ ಶೆಡ್ಡಿನಲ್ಲಿ ಮಗುಚಿಕೊಂಡೇ ಬಿದ್ದಿತ್ತು. ಬೆಕ್ಕೊಂದು ಅದರಡಿ ಬಾಣಂತನದ ಮೇಲೆ ಬಾಣಂತನ ಮುಗಿಸಿತ್ತು. ಗೆಲ್ಲುವ ಆಸೆಯೇನೂ ಅವರಿಗಿರಲಿಲ್ಲ. ಹಾಯಿಗೆ ಗಾಳಿ ತುಂಬಿ ದೋಣಿ ಒಂದು ಪಕ್ಕಕ್ಕೆ ವಾಲುವಾಗ ಹೊಟ್ಟೆಯೊಳಗೆ ಆಗುವ ಕಚಗುಳಿ ಇನ್ನೊಮ್ಮೆ ಬೇಕಿತ್ತು, ಅಷ್ಟೆ.

ದಡಕ್ಕೆ ಕಾಲಿಟ್ಟರೋ ಇಲ್ಲವೋ, ಹಲ್ಲಿನ ಡಾಕ್ಟರು ಓಡಿಬಂದರು.

“ಸೆಕ್ರೆಟರೀ, ಬೇಕರಿಯವನ ಹಾಯಿ ಉದ್ದ ಇದೆ. ಅಳೀರಿ!”

“ಮೊದಲು ಇವರ ದೋಣಿ ತೂಗಿ ಸಾರ್,” ಬೇಕರಿಯವನು ಹಿಂದೆಯೇ ಬಂದ. “ಹಪ್ಪಳದ ಹಾಗಿದೆ!”

“ಸೆಕ್ರೆಟರಿ, ನನ್ನ ಕುರ್ಚಿ ಅಲ್ಲಾಡ್ತಿದೆ,” ಎಂದರು ಅಧ್ಯಕ್ಷರಾದ ನಿವೃತ್ತ ಹೆಡ್‌ಮಾಸ್ಟರು.

ಯಜಮಾನರು ಅಳೆದರು, ತೂಗಿದರು, ಕುರ್ಚಿಯ ಕಾಲಿಗೆ ಕಲ್ಲು ಕೊಟ್ಟರು. ಪ್ರತಿಸಲವೂ ರಾಜೀನಾಮೆ ನಾಲಿಗೆಯ ತುದಿಗೆ ಬಂದು ಗುಳಿಗೆಯ ಹಾಗೆ ಗಂಟಲಿಗಿಳಿಯಿತು. ಹೆಂಡತಿ ದೂರದಿಂದಲೇ ಹುಬ್ಬೇರಿಸಿ “ಆಯ್ತಾ?” ಎಂದು ಕೇಳುತ್ತಿದ್ದಳು.

ದೋಣಿಗಳು ಸಾಲಾಗಿ ನಿಂತವು. ಇನ್ನೇನು ವಿಸಿಲ್ ಊದಬೇಕು, ಅಷ್ಟರಲ್ಲಿ ಕೆರೆಯ ನಡುವೆ ಲಂಗರು ಹಾಕಿ ನಿಲ್ಲಿಸಿದ್ದ ಕಿತ್ತಳೆ ಬಣ್ಣದ ದೊಡ್ಡ ಚೆಂಡು ಹಗ್ಗ ಬಿಚ್ಚಿಕೊಂಡು ಆಚೆ ದಡದ ಕಡೆ ಹೊರಟೇಬಿಟ್ಟಿತು. ರೇಸಿನ ದೋಣಿಗಳೆಲ್ಲ ಅದನ್ನೇ ಸುತ್ತಿ ಬರಬೇಕು.

“ನಾನು ಕೈ ಎತ್ತಿದ ತಕ್ಷಣ ಊದು!” ಎಂದು ವಿಸಿಲನ್ನು ಹೆಂಡತಿಯ ಕೊರಳಿಗೆ ಹಾಕಿ, ಕಿತ್ತಳೆ ಬಣ್ಣದ್ದೇ ಲೈಫ್ ಜಾಕೆಟ್ ತೊಟ್ಟು, ಹುಟ್ಟುದೋಣಿಯಲ್ಲಿ ಯಜಮಾನರು ಬೆನ್ನಟ್ಟಿದರು. ನಡುಕೆರೆಯಲ್ಲಿ ಚೆಂಡಿಗೆ ಕೈ ಹಾಕಿದರು. ಚೆಂಡು ಅತ್ತ ಹೋಯಿತು, ದೋಣಿ ಇತ್ತ ಹೋಯಿತು, ನಡುವೆ ಯಜಮಾನರು ನೀರಿಗೆ ಹೋದರು. ಮೇಲೆ ಬಂದವರೇ ಗಾಬರಿಯಿಂದ ಎರಡೂ ಕೈ ಎತ್ತಿದರು.

ದಡದಲ್ಲಿದ್ದ ಹೆಂಡತಿ, ಗಂಡ ಹೇಳಿದಂತೆಯೇ, ಉಸಿರು ಕಟ್ಟಿ ಊದಿದಳು.

ರೇಸ್ ಶುರುವಾಯಿತು. ಕಿತ್ತಳೆ ಬಣ್ಣದ್ದೇನೋ ನಡುಕೆರೆಯಲ್ಲಿ ತೇಲುತ್ತಿತ್ತು, ದೋಣಿಗಳಿಗೆ ಅಷ್ಟು ಸಾಕಾಯಿತು.

“ಡಾಕ್ಟ್ರೇ, ಕೈ ಕೊಡ್ರೀ!”

“ಮುಟ್ಟೋ ಹಾಗಿಲ್ಲ ರೀ! ಚೆಂಡು ಮುಟ್ಟಿದ್ರೆ ಔಟ್ ಅಂತ ರೂಲ್ಸ್ ಮಾಡಿದ್ದು ನೀವೇ ತಾನೆ?” ಎಂದು ಡಾಕ್ಟರು ನಾಜೂಕಾಗಿ ಅವರನ್ನು ಸುತ್ತಿದರು.

“ಸಾರ್, ಸುತ್ತೋವಾಗ ಒಳಗಡೆ ಇದ್ದೋನು ನಾನು! ಒಳಗಡೆಯವನಿಗೆ ದಾರಿ ಬಿಡ್ಬೇಕಲ್ವಾ?” ಬೇಕರಿಯವನು ಇನ್ನೊಂದು ಪಕ್ಕದಿಂದ ಕೂಗಿದ. “ಮುಳುಗೋದಿದ್ರೆ ತೀರ್ಪು ಹೇಳಿ ಮುಳುಗಿ!”

ಹಿಂದೆ ಬಂದವರೂ ಒಬ್ಬೊಬ್ಬರಾಗಿ, “ನಮಸ್ಕಾರ ಸೆಕ್ರೆಟರೀ,” ಎನ್ನುತ್ತಾ ಪ್ರದಕ್ಷಿಣೆ ಹಾಕಿ ಹೋದರು. ಅಧ್ಯಕ್ಷರು ದುರ್ಬೀನಿನಲ್ಲಿ ನೋಡಿ, “ಚೆಂಡು ಈ ಸಲ ಒಳ್ಳೇ ಜಾಗದಲ್ಲಿ ನಿಂತಿದೆ,” ಎಂದು ತಲೆದೂಗಿದರು.

ಆಗ ವಿಸಿಲ್ ಮತ್ತೆ ಕೂಗಿತು. ಕೂಗಿತೆಂದರೆ, ಕೆರೆಯ ಕೊಕ್ಕರೆಗಳೆಲ್ಲ ಎದ್ದುಹೋಗುವವರೆಗೂ ಕೂಗಿತು. ದೋಣಿಗಳು ತಬ್ಬಿಬ್ಬಾಗಿ ನಿಂತವು.

“ನಾಚಿಕೆ ಆಗಲ್ವೇನ್ರೀ ನಿಮಗೆ? ಮನುಷ್ಯ ನೀರಲ್ಲಿದ್ದಾನೆ, ನಿಮಗೆ ಒಳಗಡೆ ಹೊರಗಡೆ ಜಗಳ! ಡಾಕ್ಟ್ರೇ, ಆ ಖಾಲಿ ದೋಣಿ ಹಿಡೀರಿ. ಬೇಕರಿಯವ್ರೇ, ಚೆಂಡಿನ ಹಿಂದೆ ಹೋಗಿ. ಮಿಕ್ಕೋರು ನಮ್ಮ ಯಜಮಾನ್ರನ್ನ ತನ್ನಿ!”

ಗಂಡ ವರ್ಷಗಟ್ಟಲೆ ಗೋಗರೆದರೂ ನಡೆಯದ್ದು ಕಣ್ಣುಮುಚ್ಚಿ ತೆರೆಯುವುದರಲ್ಲಿ ನಡೆದುಹೋಯಿತು.

ಸಭೆ ಸೇರಿತು. ಯಜಮಾನರು ಟವೆಲ್ ಸುತ್ತಿಕೊಂಡು ಎದ್ದು ನಿಂತರು. “ನಾ... ನಾನು ರಾ... ರಾಜೀ...”

“ನಡುಗಬೇಡಿ, ಹಲ್ಲಿಗೆ ಒಳ್ಳೇದಲ್ಲ,” ಎಂದರು ಡಾಕ್ಟರು.

“ರಾಜೀನಾಮೆ ಕೊಟ್ಟೆ!”

ಬೇಡಿಕೊಳ್ಳುತ್ತಾರೆ, ಕಾಲಿಗೆ ಬೀಳುತ್ತಾರೆ ಎಂದುಕೊಂಡಿದ್ದರು. ಎಲ್ಲ ಕೈಗಳೂ ತಕ್ಷಣ ಮೇಲೆದ್ದು ರಾಜೀನಾಮೆಯನ್ನು ಒಪ್ಪಿಬಿಟ್ಟವು. ಅಷ್ಟು ತಕ್ಷಣ ಬೇಕಿರಲಿಲ್ಲ ಎಂದು ಅವರಿಗೆ ಒಳಗೊಳಗೇ ಚುರುಕ್ ಎಂದಿತು.

“ಹೊಸ ಸೆಕ್ರೆಟರಿ ಅಮ್ಮಾವ್ರೇ ಆಗ್ಲಿ,” ಎಂದ ಬೇಕರಿಯವನು.

“ಅಯ್ಯೋ, ನಂಗೆ ದೋಣಿಯ ಗಂಧಗಾಳಿ ಗೊತ್ತಿಲ್ಲ!”

“ವಿಸಿಲ್ ಊದೋದು ಗೊತ್ತಲ್ಲ ತಾಯಿ,” ಎಂದರು ಅಧ್ಯಕ್ಷರು.

ಯಜಮಾನರು ಟವೆಲಿನೊಳಗಿಂದಲೇ ಬೇಡ ಬೇಡವೆಂದು ಕಣ್ಸನ್ನೆ ಮಾಡಿದರು. ಆದರೆ ಅವಳ ಕೈ ಕೊರಳಲ್ಲಿದ್ದ ವಿಸಿಲನ್ನು ಆಗಲೇ ಸವರುತ್ತಿತ್ತು. “ಎಲ್ಲಾರೂ ಇಷ್ಟು ಹೇಳೋವಾಗ...” ಎಂದಳು.

ಹೋಗಲಿ ಬಿಡು, ನನಗಂತೂ ಬಿಡುಗಡೆ ಎಂದುಕೊಂಡರು ಯಜಮಾನರು. ಮುಂದಿನ ರೇಸಿಗೆ ದೋಣಿ ನೀರಿಗಿಳಿಸಬಹುದು. ನೆನೆದ ಮೈಯಲ್ಲೂ ಹಳೆಯ ಕಚಗುಳಿ ಎದ್ದಿತು.

ಹೊಸ ಕಾರ್ಯದರ್ಶಿ ಗಂಟಲು ಸರಿಮಾಡಿಕೊಂಡಳು. “ಮೊದಲನೇ ವಿಷಯ. ಆ ಚೆಂಡನ್ನ ನಂಬೋ ಹಾಗಿಲ್ಲ, ಗಾಳಿ ಬಂದ ಕಡೆ ಹೋಗುತ್ತೆ. ಇನ್ಮೇಲೆ ರೇಸಿಗೆ ಅದರ ಜಾಗದಲ್ಲಿ ನಮ್ಮ ಯಜಮಾನ್ರನ್ನೇ ಬಿಡೋಣ. ಇವರಾದ್ರೆ ಇಟ್ಟ ಕಡೆ ಇರ್ತಾರೆ. ಒಪ್ಪಿಗೆ ಇರೋರು ಕೈ ಎತ್ತಿ.”

ಟವೆಲಿನೊಳಗೆ ಸಿಕ್ಕಿಕೊಂಡಿದ್ದ ಎರಡು ಕೈಗಳನ್ನು ಬಿಟ್ಟು ಮಿಕ್ಕೆಲ್ಲ ಕೈಗಳೂ ಮೇಲೆದ್ದವು.