ಟಿಕೆಟ್ಟು ಪುಕ್ಕಟೆ, ಟಿಪ್ಸು ಮುಂಗಡ

ಟಿಕೆಟ್ಟು ಪುಕ್ಕಟೆಯಾಗಿತ್ತು. ಟಿಪ್ಸು ಪುಕ್ಕಟೆಯಾಗಿರಲಿಲ್ಲ. ರಾಮಾಯಣ ಶುರುವಾಗಿದ್ದೇ ಅಲ್ಲಿಂದ.

ವರ್ಷವಿಡೀ ತಮ್ಮ ಬಾಟಲಿಗಳನ್ನು ಚೆನ್ನಾಗಿ ಖಾಲಿ ಮಾಡಿಸಿದ್ದಕ್ಕೆ ತಂಪು ಪಾನೀಯದ ಕಂಪನಿಯವರು ಹೋಟೆಲಿನ ಧಣಿಗೆ ಹಡಗಿನ ಪ್ರವಾಸದ ಎರಡು ಟಿಕೆಟ್ ಬಹುಮಾನ ಕೊಟ್ಟಿದ್ದರು. ಧಣಿಯ ಹೆಂಡತಿಗೆ ಬಕೆಟ್ಟಿನಲ್ಲಿ ನೀರು ಅಲುಗಾಡಿದರೂ ತಲೆ ಸುತ್ತುತ್ತದೆ. ನಾನು ಬರೋದಿಲ್ಲ ಅಂದುಬಿಟ್ಟರು. ಬಂದ ಟಿಕೆಟ್ಟನ್ನು ಹಾಳು ಮಾಡುವುದು ಧಣಿಯ ಜಾಯಮಾನವಲ್ಲ. ಬ್ಯಾಗು ಹೊರಲು, ಮಾತ್ರೆ ನೆನಪಿಸಲು, ಸಂಜೆ ಕಾಲು ಒತ್ತಲು ಒಬ್ಬ ಬೇಕಲ್ಲ ಎಂದು ಹೋಟೆಲಿನ ಹಳೇ ಸಪ್ಲೈಯರನ್ನು ಹೊರಡಿಸಿದರು.

ಈ ಸಪ್ಲೈಯರಿಗೆ ಅಪ್ಪ ಅಮ್ಮ ಇಟ್ಟ ಹೆಸರೊಂದಿದೆ. ಅದು ಯಾವುದೋ ಕಚೇರಿಯ ಕಪಾಟಿನಲ್ಲಿ ಸುಖವಾಗಿ ಮಲಗಿದೆ. ಊರು ಕರೆಯುವುದು ಗಡಿಬಿಡಿಯಣ್ಣ ಅಂತ. ಗಿರಾಕಿ ಕುರ್ಚಿ ಎಳೆಯುವುದರೊಳಗೆ ಮೇಜು ಒರೆಸಿರುತ್ತಾನೆ, ಬಾಯಿ ತೆರೆಯುವುದರೊಳಗೆ ನೀರು ಇಟ್ಟಿರುತ್ತಾನೆ. ಒಂದೇ ಕೈಯಲ್ಲಿ ಆರು ಕಪ್ಪು ಹಿಡಿದು ಬೆಕ್ಕಿನ ಹಾಗೆ ಜನರ ನಡುವೆ ನುಸುಳುತ್ತಾನೆ. ಆದರೆ ಸಂಬಳದ ಮಾತು ಎತ್ತಬೇಕೆಂದರೆ ಮಾತ್ರ ಅವನ ನಾಲಿಗೆ ನೆನೆದ ಬನ್ನಿನ ಹಾಗೆ ಮೆತ್ತಗಾಗುತ್ತದೆ. ವರ್ಷಕ್ಕೊಮ್ಮೆ ಹೇಗೋ ಧೈರ್ಯ ಮಾಡಿ ಕೇಳುತ್ತಾನೆ. ವರ್ಷಕ್ಕೊಮ್ಮೆ ಧಣಿ ಅದೇ ಉತ್ತರ ಕೊಡುತ್ತಾರೆ.

“ನಿಂಗೇನಯ್ಯಾ ಕಷ್ಟ? ಟಿಪ್ಸ್ ಬರುತ್ತಲ್ಲ.”

ಬರುತ್ತದೆ, ಸುಳ್ಳಲ್ಲ. ಸಂಬಳ ಮನೆ ಬಾಡಿಗೆಗೆ ಹೋಗುತ್ತದೆ, ಟಿಪ್ಸಿನಲ್ಲಿ ಹೊಟ್ಟೆ ತುಂಬುತ್ತದೆ. ಈಗ ಮನೆಯೊಡೆಯ ಬಾಡಿಗೆ ಏರಿಸಿದ್ದ. ಕೊಡಿ, ಇಲ್ಲಾಂದ್ರೆ ಖಾಲಿ ಮಾಡಿ ಅಂತ ಖಡಾಖಂಡಿತವಾಗಿ ಹೇಳಿದ್ದ. ಹೊರಡುವ ದಿನ ಹೆಂಡತಿ ಬಾಗಿಲಿಗೆ ಅಡ್ಡ ನಿಂತು ಕೊನೇ ಎಚ್ಚರಿಕೆ ಕೊಟ್ಟಳು.

“ನೋಡ್ರೀ, ಹೋಟೆಲಲ್ಲಾದ್ರೆ ಅವರು ಫೋನ್ ಬಂತು ಅಂತ ಎದ್ದು ಹೋಗ್ತಾರೆ, ನೀವು ಗಿರಾಕಿ ಬಂದ್ರು ಅಂತ ಓಡ್ತೀರ. ಹಡಗಲ್ಲಿ ಇಬ್ರೂ ಎಲ್ಲಿಗೆ ಹೋಗ್ತೀರ? ಸುತ್ತ ನೀರು. ಹಿಡ್ಕೊಂಡು ಕೇಳಿಬಿಡಿ. ಕೇಳ್ದೆ ಬಂದ್ರೆ ಚಪ್ಪಲಿ ಬಿಡೋಕೂ ಜಾಗ ಕೊಡಲ್ಲ.”

“ಆಯ್ತು ಮಾರಾಯ್ತಿ, ಕೇಳ್ತೀನಿ,” ಎಂದ ಗಡಿಬಿಡಿಯಣ್ಣ.

ಬಂದರಿನಲ್ಲಿ ಹಡಗು ಹತ್ತಿದ ಕೂಡಲೇ ಒಳಗಿನ ಕೌಂಟರಿನ ಹುಡುಗಿ ನಗುನಗುತ್ತಾ ಹೇಳಿದಳು, ಬಡಿಸುವವರಿಗೆ, ರೂಮು ಗುಡಿಸುವವರಿಗೆ ಕೊಡುವ ಟಿಪ್ಸನ್ನು ಇಲ್ಲೇ ಮೊದಲೇ ಕಟ್ಟಿಬಿಡಬೇಕಂತೆ, ಆಮೇಲೆ ಹಡಗಿನಲ್ಲಿ ಯಾರೂ ಕೈ ಒಡ್ಡುವುದಿಲ್ಲವಂತೆ. ಧಣಿಯ ಮುಖ ಹುಳಿ ಮಜ್ಜಿಗೆ ಕುಡಿದ ಹಾಗಾಯಿತು. ಇಬ್ಬರದ್ದೂ ಕಟ್ಟಿದರು. ಕಟ್ಟಿ, ಪರ್ಸು ಒಳಗಿಡುವ ಮೊದಲೇ ಈ ಕಡೆ ತಿರುಗಿದರು.

“ನಿಂದನ್ನ ಸಂಬಳದಲ್ಲಿ ಹಿಡ್ಕೋತೀನಿ. ಟಿಕೆಟ್ ಕೊಟ್ಟಿದ್ದೀನಿ, ಟಿಪ್ಸೂ ಕೊಡೋಕೆ ನಾನೇನು ನಿನ್ನ ಮಾವ ಅಲ್ಲ.”

ಜನ್ಮವಿಡೀ ಟಿಪ್ಸ್ ತಗೊಂಡವನು ಮೊದಲ ಸಲ ಟಿಪ್ಸ್ ಕೊಟ್ಟಿದ್ದು ಹೀಗೆ. ಅದೂ ಸಾಲ ಮಾಡಿ.

ಮಾರನೇ ದಿನ ಬೆಳಗಿನಿಂದ ಸಂಜೆಯವರೆಗೂ ಹಡಗು ನೀರಿನ ಮೇಲೇ. ಆ ದಿನ ಧಣಿಯನ್ನು ಖುಷಿಯಾಗಿಟ್ಟುಕೊಂಡು, ರಾತ್ರಿ ಊಟಕ್ಕೆ ಕೂತಾಗ ಸಂಬಳದ ಮಾತು ತೆಗೆಯುವುದೆಂದು ಗಡಿಬಿಡಿಯಣ್ಣ ಲೆಕ್ಕ ಹಾಕಿದ್ದ. ಲೆಕ್ಕ ತಿಂಡಿ ಹೊತ್ತಿಗೇ ಕೆಟ್ಟಿತು.

ಕಿಟಕಿ ಪಕ್ಕದ ಅವರ ಮೇಜಿನಲ್ಲಿ ಇನ್ನಿಬ್ಬರಿದ್ದರು. ಒಬ್ಬ ವಿಮೆ ಏಜೆಂಟ. ಯಾರನ್ನು ನೋಡಿದರೂ ಇವರು ಯಾವಾಗ ಸಾಯಬಹುದು ಎಂದು ಅಂದಾಜು ಮಾಡುವಂಥ ಕಣ್ಣು ಅವನದು. ಇನ್ನೊಬ್ಬರು ನಿವೃತ್ತರಾದ ಹೆಡ್‌ಮೇಡಂ. ನಿವೃತ್ತಿ ಅವರ ಕೆಲಸಕ್ಕೆ ಆಗಿತ್ತು, ಗಂಟಲಿಗೆ ಆಗಿರಲಿಲ್ಲ. ಬಡಿಸುತ್ತಿದ್ದವನು ಬಿಳಿಮೀಸೆಯ ವಯಸ್ಸಾದ ಸಪ್ಲೈಯರು. ಅವನು ಆ ಮೂಲೆಯಿಂದ ಶುರು ಮಾಡಿ ಸಾಲಾಗಿ ಒಂದೊಂದೇ ಮೇಜಿಗೆ ಬಡಿಸಿಕೊಂಡು ಬರುತ್ತಿದ್ದ. ಧಣಿ ಚಿಟಿಕೆ ಹೊಡೆದರು. ಅವನು ತಲೆಬಾಗಿ ನಕ್ಕ, ಆದರೆ ಸಾಲು ತಪ್ಪಿಸಲಿಲ್ಲ.

“ನೋಡ್ದೇನೋ?” ಧಣಿ ಕುದಿದರು. “ನಾನಿಲ್ಲಿ ಚಿಟಿಕೆ ಹೊಡೀತಿದ್ರೆ ಅಲ್ಲಿ ಯಾರಿಗೋ ಬೆಣ್ಣೆ ಸವರ್ತಿದಾನೆ! ದುಡ್ಡು ಮೊದ್ಲೇ ಬಿದ್ಮೇಲೆ ಯಾರು ನಮ್ಮ ಮುಖ ನೋಡ್ತಾರೆ? ಟಿಪ್ಸ್ ಅನ್ನೋದು ಎಮ್ಮೆಗೆ ಹುಲ್ಲು ತೋರಿಸ್ದಂಗೆ ಇರ್ಬೇಕು. ತೋರಿಸ್ತಾ ತೋರಿಸ್ತಾ ನಡೆಸ್ಬೇಕು.”

“ಅದನ್ನ ವಾಪಸ್ ತಗೋಬಹುದಂತೆ ಸಾರ್,” ಏಜೆಂಟ ದನಿ ತಗ್ಗಿಸಿದ. “ಕೌಂಟರಲ್ಲಿ ಹೋಗಿ ಬೇಡ ಅಂದ್ರೆ ಕೊಡ್ಲೇಬೇಕಂತೆ. ನಿಯಮಾನೇ ಇದೆ.”

ಧಣಿಯ ಮುಖದಲ್ಲಿ ಬಲ್ಬು ಹತ್ತಿತು. “ಹೋಗೋ, ತಗೊಂಡು ಬಾ. ನಿಂದೂ ವಾಪಸ್ ಬರುತ್ತೆ, ಸಂಬಳದಲ್ಲಿ ಹಿಡಿಯೋದು ತಪ್ಪುತ್ತೆ. ನಾನೂ ಖುಷಿ, ನೀನೂ ಖುಷಿ.”

ಗಡಿಬಿಡಿಯಣ್ಣ ಕೈಯಲ್ಲಿದ್ದ ಬ್ರೆಡ್ಡನ್ನು ತಟ್ಟೆಗೆ ವಾಪಸ್ ಇಟ್ಟ. ಸಪ್ಲೈಯರು ಹೋಗಿ ಸಪ್ಲೈಯರನ ಟಿಪ್ಸ್ ಕಿತ್ತುಕೊಳ್ಳುವುದೇ? ಆದರೆ ಧಣಿ ಖುಷಿಯಾಗದೆ ಸಂಬಳ ಇಲ್ಲ, ಸಂಬಳ ಏರದೆ ಮನೆ ಇಲ್ಲ. ಎದ್ದ. ಏಳುವಾಗ ಅಭ್ಯಾಸಬಲದಿಂದ ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಿ ಚಮಚಗಳನ್ನು ಮೇಲಿನ ತಟ್ಟೆಯಲ್ಲಿ ಒಟ್ಟು ಮಾಡಿದ. ಅಷ್ಟರಲ್ಲಿ ಬಂದ ಬಿಳಿಮೀಸೆ ಆ ಜೋಡಣೆ ನೋಡಿ ಗುರುತು ಹಿಡಿದವನಂತೆ ಕಣ್ಣಲ್ಲೇ ನಕ್ಕ.

“ಇದೇ ಕೆಲಸದೋರಾ ಸಾರ್?”

“ಹೂಂ,” ಎಂದವನೇ ಗಡಿಬಿಡಿಯಣ್ಣ ಕಳ್ಳನ ಹಾಗೆ ಜಾಗ ಖಾಲಿ ಮಾಡಿದ.

ಕೌಂಟರಿನ ಹುಡುಗಿಯ ನಗು ಇನ್ನೂ ನಿನ್ನೆಯದೇ ಇತ್ತು.

“ಟಿಪ್ಸ್ ವಾಪಸ್ಸಾ? ಕೊಡೋಣ ಸಾರ್. ಯಾರ ಕೆಲಸ ಸರಿ ಇಲ್ಲ?”

“ಕೆಲಸ ಚೆನ್ನಾಗೇ ಇದೆಯಮ್ಮ.”

“ಮತ್ತೆ ಯಾಕೆ ಸಾರ್?”

“ಧಣಿ ಹೇಳಿದ್ರು.”

“ಧಣಿ ಹೇಳಿದ್ರು ಅಂತ ಬರ್ಕೊಳ್ಳೋಕಾಗಲ್ಲ ಸಾರ್. ಯಾರಾದ್ರೂ ಒಬ್ರು ತಪ್ಪು ಮಾಡಿರ್ಲೇಬೇಕು.” ಹುಡುಗಿ ಫೋನೆತ್ತಿದಳು. “ಊಟದ ಹಾಲ್ ತಾನೇ? ಕಿಟಕಿ ಪಕ್ಕದ ಮೇಜಿನೋರು ಟಿಪ್ಸ್ ವಾಪಸ್ ಕೇಳ್ತಿದಾರೆ. ಬಡಿಸೋರನ್ನ ಕಳಿಸಿ.”

ಗಡಿಬಿಡಿಯಣ್ಣ ಬೇಡ ಬೇಡ ಎಂದು ಕೈಯಾಡಿಸುವುದರೊಳಗೆ ಬೆನ್ನಿಗೆ ಯಾರದೋ ಹೊಟ್ಟೆ ಒತ್ತಿತು. ತಿರುಗಿ ನೋಡಿದರೆ ಏಜೆಂಟ. ಅವನ ಹಿಂದೆ ಅವನು ಸುದ್ದಿ ಮುಟ್ಟಿಸಿದ ಅಷ್ಟೂ ಜನ. ಈಜುಕೊಳದಿಂದ ಎದ್ದು ಬಂದ ಒಬ್ಬರು ನೀರು ಸುರಿಸುತ್ತಾ ನಿಂತಿದ್ದರು.

“ವಾಪಸ್ ಕೊಡ್ತಾರಂತೆ!”

“ಯಾರು ಹೇಳಿದ್ದು?”

“ಅಗೋ, ಮುಂದೆ ನಿಂತಿದಾರಲ್ಲ, ಅವರದ್ದೇ ಹೋರಾಟ.”

“ಸಾಲು! ಸಾಲು!” ಹೆಡ್‌ಮೇಡಂ ಚಪ್ಪಾಳೆ ತಟ್ಟಿದರು. “ಒಬ್ಬರ ಹಿಂದೆ ಒಬ್ಬರು! ಒದ್ದೆ ಬಟ್ಟೆಯವರು ಕೊನೆಯಲ್ಲಿ!”

ಆ ಹೊತ್ತಿಗೆ ಬಿಳಿಮೀಸೆ ಬಂದ. ಗಾಬರಿಯಲ್ಲಿ ಟ್ರೇ ಕೆಳಗಿಡಲೂ ಮರೆತಿದ್ದ. ಭಾರವನ್ನೆಲ್ಲ ಒಂದೇ ಕಾಲಿನ ಮೇಲೆ ಹಾಕಿ ನಿಂತ. ಇನ್ನೊಂದು ಕಾಲಿನ ಮಂಡಿ ಹೋಗಿದೆ ಅಂತ ಗಡಿಬಿಡಿಯಣ್ಣನಿಗೆ ಯಾರೂ ಹೇಳಬೇಕಾಗಿರಲಿಲ್ಲ. ಅವನೂ ಹಾಗೇ ನಿಲ್ಲುವುದು.

“ಏನು ತಪ್ಪಾಯ್ತು ಸಾರ್ ನನ್ನಿಂದ?” ಬಿಳಿಮೀಸೆ ಕೇಳಿದ. “ತಪ್ಪು ಅಂತ ಬರೆದ್ರೆ ಮುಂದಿನ ಸಲ ಹಡಗು ಹತ್ತಿಸ್ಕೊಳ್ಳಲ್ಲ ನನ್ನ.”

“ಏನಿಲ್ಲಪ್ಪ. ಏನೂ ಆಗಿಲ್ಲ. ನಂಗೇನೂ ವಾಪಸ್ ಬೇಡ,” ಎಂದು ಗಡಿಬಿಡಿಯಣ್ಣ ಸಾಲು ಸೀಳಿಕೊಂಡು ಓಡಿದ.

“ಕೇಳಿದೋರೇ ಬೇಡ ಅಂದ್ರಲ್ಲ, ನೀವೂ ಹೊರಡಿ,” ಎಂದು ಹುಡುಗಿ ಗಾಜಿನ ಬಾಗಿಲು ಎಳೆದುಕೊಂಡಳು.

ಅಲ್ಲಿಂದ ಮುಂದೆ ಗಡಿಬಿಡಿಯಣ್ಣನ ಪಾಡು ಹೇಳತೀರದು. ಪ್ರಯಾಣಿಕರಿಗೆ ಅವನು ಹೋರಾಟ ಶುರು ಮಾಡಿ ಕೈಕೊಟ್ಟ ದ್ರೋಹಿ. ಹಡಗಿನ ಕೆಲಸದವರಿಗೆ ಅವನು ಬಡವರ ಕೂಳಿಗೆ ಕೈ ಹಾಕಿದ ಕಟುಕ. ಈಜುಕೊಳದವರು ಎದುರು ಸಿಕ್ಕಾಗಲೆಲ್ಲ ಅವನ ಮೇಲೇ ಕೂದಲು ಕೊಡವಿದರು. ರೂಮಿಗೆ ಹೋದರೆ ಎಲ್ಲರ ಹಾಸಿಗೆಯ ಮೇಲೂ ಟವೆಲ್ಲಿನಲ್ಲಿ ಮಡಚಿದ ಬಾತುಕೋಳಿ. ಅವನ ಹಾಸಿಗೆಯ ಮೇಲೆ ಟವೆಲ್ಲೂ ಇಲ್ಲ, ದಿಂಬೂ ಇಲ್ಲ. ಲಿಫ್ಟಿನವನು ಅವನ ಮೂಗಿನ ಮುಂದೇ ಬಾಗಿಲು ಮುಚ್ಚಿದ. ಮಧ್ಯಾಹ್ನ ಧಣಿಯ ಕಣ್ಣು ತಪ್ಪಿಸಿ ಬೇರೆ ಮೇಜಿನಲ್ಲಿ ಕೂತರೆ, ಅಲ್ಲಿನ ಸಪ್ಲೈಯರು ತಂದಿಟ್ಟ ಸೂಪು ಸಮುದ್ರದಷ್ಟೇ ತಣ್ಣಗೆ, ಸಮುದ್ರದಷ್ಟೇ ಉಪ್ಪಾಗಿತ್ತು. ಗಡಿಬಿಡಿಯಣ್ಣ ಸದ್ದಿಲ್ಲದೆ ಕುಡಿದ. ಯಾವ ಸಿಟ್ಟಿಗೆ ಎಷ್ಟು ಉಪ್ಪು ಬೀಳುತ್ತದೆ ಎಂಬುದು ಅವನಿಗೂ ಗೊತ್ತಿದ್ದ ವಿದ್ಯೆಯೇ.

ರಾತ್ರಿ ಊಟಕ್ಕೆ ಕೂತಾಗ ಏಜೆಂಟ ತನ್ನ ಸಾಸರಿನ ಕೆಳಗೆ ಒಂದು ನೋಟು ಸಿಕ್ಕಿಸಿ, ತುದಿ ಮಾತ್ರ ಕಾಣುವ ಹಾಗೆ ಇಟ್ಟಿದ್ದ. ಬೇಗ ಬಡಿಸಲಿ ಅಂತ. ಹೆಡ್‌ಮೇಡಮ್ಮೂ ಒಂದು ಇಟ್ಟಿದ್ದರು. ಧಣಿ ಬರೀ ಕೈ ಇಟ್ಟಿದ್ದರು.

“ಎಲ್ಲೋ ದುಡ್ಡು?”

“ಕೇಳಕ್ಕಾಗ್ಲಿಲ್ಲ ಧಣಿ.”

“ಯಾಕಾಗ್ಲಿಲ್ಲ? ನಾಲಿಗೆ ಸಮುದ್ರಕ್ಕೆ ಬಿತ್ತಾ?”

ಅಕ್ಕಪಕ್ಕದ ಮೇಜಿನವರೆಲ್ಲ ತಿರುಗಿದರು. ಬಿಳಿಮೀಸೆ ಗೋಡೆಗೆ ಒರಗಿ ನಿಂತಿದ್ದ. ಆಗ ಗಡಿಬಿಡಿಯಣ್ಣನಿಗೆ ಏನಾಯಿತೋ, ಎದ್ದು ನಿಂತುಬಿಟ್ಟ. ಜೀವಮಾನದಲ್ಲಿ ಮೊದಲ ಸಲ ಅವನ ನಾಲಿಗೆ ಅವನ ಮಾತು ಕೇಳಿತು.

“ಧಣಿ, ಬೈದ್ರೂ ಬೈರಿ, ಹೇಳ್ಬಿಡ್ತೀನಿ. ಟೇಬಲ್ ಒರೆಸ್ವಾಗ ನಾನು ಗಿರಾಕಿ ಮುಖ ನೋಡಲ್ಲ, ಕೈ ನೋಡ್ತೀನಿ. ಜೇಬಿಗೆ ಹೋಯ್ತಾ, ಇಲ್ವಾ ಅಂತ. ಇಷ್ಟು ವರ್ಷದಲ್ಲಿ ಒಂದು ಮುಖಾನೂ ನೆನಪಿಲ್ಲ ನಂಗೆ, ಬರೀ ಕೈಗಳೇ. ನಮ್ಮಪ್ಪ ಸತ್ತ ವಾರಾನೂ ನಕ್ಕೊಂಡು ಕಾಫಿ ಕೊಟ್ಟಿದ್ದೀನಿ, ನಗದಿದ್ರೆ ಚಿಲ್ಲರೆ ಬೀಳಲ್ಲ ಅಂತ. ಇವರ್ನ ನೋಡಿ. ಮೊದ್ಲೇ ಕಟ್ಟಿಸ್ಕೊಂಡಿದಾರೆ. ಯಾರ ಮುಂದೂ ಹಲ್ಲು ಗಿಂಜಬೇಕಾಗಿಲ್ಲ. ಈ ಅಣ್ಣ ನಿಮ್ಮ ಜೇಬು ನೋಡಲ್ಲ, ತಟ್ಟೆ ನೋಡ್ತಾನೆ. ಅದಕ್ಕೇ ಒಂದು ತೊಟ್ಟೂ ಚೆಲ್ಲಲ್ಲ. ಇದು ಮರ್ಯಾದೆ ಧಣಿ. ಇದನ್ನ ಕಿತ್ಕೊಂಡು ಬಾ ಅಂದ್ರೆ ನನ್ನ ಕೈಲಾಗಲ್ಲ.”

ಯಾರೋ ಚಪ್ಪಾಳೆ ತಟ್ಟಿದರು. ಹೆಡ್‌ಮೇಡಂ ಕಣ್ಣೊರೆಸಿಕೊಂಡರು. ಬೆಳಗ್ಗೆ ವಾಪಸ್ ಕೊಡಿ ಎಂದು ಸಾಲು ನಿಂತವರೇ ಈಗ ಎಲ್ಲರಿಗಿಂತ ಜೋರಾಗಿ ತಟ್ಟಿದರು.

ಧಣಿ ಮಾತ್ರ ಹಲ್ಲುಕಡ್ಡಿ ಕಚ್ಚಿ ಕೂತಿದ್ದರು. ಅವರ ಕಣ್ಣು ಹೊಳೆಯುತ್ತಿತ್ತು. ಧಣಿಗೂ ನೀರು ಬಂತಲ್ಲ ಅಂದುಕೊಂಡ ಗಡಿಬಿಡಿಯಣ್ಣ.

“ಅಲ್ಲಯ್ಯಾ,” ಕೊನೆಗೆ ಧಣಿ ಮೆಲ್ಲಗೆ ಕೇಳಿದರು, “ಹೀಗೆ ಮೊದ್ಲೇ ಕೇಳಿದ್ರೆ ಗಿರಾಕಿಗಳು ತಕರಾರು ಮಾಡಲ್ವಾ?”

“ಯಾರು ಮಾಡಿದ್ರು ಧಣಿ? ಹಡಗು ತುಂಬ ಜನ ಕಟ್ಟಿದಾರೆ.”

“ತಿನ್ನೋಕೆ ಮುಂಚೇನೇ?”

“ಮುಂಚೇನೇ.”

“ಬಡಿಸೋನ ಕೈಗಲ್ಲ, ಕೌಂಟರಿಗೆ?”

“ಕೌಂಟರಿಗೇ ಧಣಿ! ಅದೇ ಅದರ ಮರ್ಯಾದೆ!”

ಒಂದೊಂದು ಉತ್ತರಕ್ಕೂ ಗಡಿಬಿಡಿಯಣ್ಣನ ದನಿ ಏರುತ್ತಿತ್ತು. ಧಣಿ ಎದ್ದು ಬಂದು ಅವನ ಹೆಗಲ ಮೇಲೆ ಕೈ ಹಾಕಿದರು. ಇಷ್ಟು ವರ್ಷದಲ್ಲಿ ಆ ಕೈ ಅಲ್ಲಿಗೆ ಬಂದಿದ್ದೇ ಇಲ್ಲ.

“ನೂರಕ್ಕೆ ನೂರು ಸರಿ ಕಣಯ್ಯಾ. ನನ್ನ ಕಣ್ಣು ತೆರೆಸ್ದೆ. ಊರಿಗೆ ಹೋದ ದಿನದಿಂದಾನೇ ನಮ್ಮ ಹೋಟೆಲಲ್ಲೂ ಇದೇ. ಬಿಲ್ಲಿನ ಜೊತೆಗೇ ಟಿಪ್ಸು, ಕೌಂಟರಲ್ಲಿ. ಟೇಬಲ್ ಮೇಲೆ ಯಾರೂ ಒಂದು ಕಾಸೂ ಇಡೋಹಾಗಿಲ್ಲ, ಯಾರೂ ಮುಟ್ಟೋಹಾಗಿಲ್ಲ. ನಿಂದು ಸಂಬಳದ ಮಾತೊಂದಿತ್ತಲ್ಲ ವರ್ಷಾ ವರ್ಷಾ? ಅದನ್ನೂ ಜಾಸ್ತಿ ಮಾಡ್ದೆ, ಹೋಗು!”

ಮತ್ತೆ ಚಪ್ಪಾಳೆ. ಗಡಿಬಿಡಿಯಣ್ಣ ಧಣಿಯ ಕಾಲಿಗೆ ಬೀಳುವುದೊಂದು ಬಾಕಿ.

“ಎಲ್ಲಿಂದ ಕೊಡ್ತೀರಿ ಸಾರ್ ಅಷ್ಟೊಂದು?” ಏಜೆಂಟನಿಗೆ ಕೆಟ್ಟ ಕುತೂಹಲ.

“ಕೌಂಟರಿಗೆ ಬಂದ ಟಿಪ್ಸಿಂದಾನೇ. ಅದ್ರಲ್ಲಿ ಕಾಲು ಭಾಗ ಇವರೆಲ್ಲರ ಸಂಬಳಕ್ಕೆ ಸೇರಿಸ್ತೀನಿ.”

ಗಡಿಬಿಡಿಯಣ್ಣನ ನಗು ಅರ್ಧಕ್ಕೆ ನಿಂತಿತು. “ಮಿಕ್ಕಿದ್ದು, ಧಣಿ?”

“ಮಿಕ್ಕಿದ್ದು ಹೋಟೆಲಿಗೆ. ತಟ್ಟೆ ಯಾರ್ದು, ಟೇಬಲ್ ಯಾರ್ದು, ಫ್ಯಾನ್ ಯಾರ್ದು?” ಧಣಿ ಬೆನ್ನು ತಟ್ಟಿದರು. “ಇನ್ಮೇಲೆ ನೀನು ಯಾರ ಕೈಯನ್ನೂ ನೋಡ್ಬೇಡ. ಮರ್ಯಾದೆಯಾಗಿ ಬಡಿಸು.”

“ಸುಮ್ಮನೆ ನಿಂತಿದೀಯಲ್ಲಪ್ಪಾ,” ಹೆಡ್‌ಮೇಡಂ ಗದರಿದರು. “ಕೇಳಿದ್ದು ಕೊಟ್ಟಿದ್ದಾರೆ, ಥ್ಯಾಂಕ್ಸ್ ಹೇಳು.”

“ಥ್ಯಾಂಕ್ಸ್, ಧಣಿ,” ಎಂದ ಗಡಿಬಿಡಿಯಣ್ಣ.

ಜನ ಎದ್ದರು. “ಎಂಥಾ ಮಾತು ಹೇಳಿದ್ರಿ,” ಎನ್ನುತ್ತಾ ಏಜೆಂಟ ಸಾಸರು ಎತ್ತಿ ತನ್ನ ನೋಟನ್ನು ಮತ್ತೆ ಜೇಬಿಗೆ ಸೇರಿಸಿದ. “ಮೊದ್ಲೇ ಕಟ್ಟಿರೋವಾಗ ಮೇಲೆ ಕೊಟ್ಟು ಅವಮಾನ ಮಾಡಬಾರದು.” ಹೆಡ್‌ಮೇಡಮ್ಮೂ ತಮ್ಮದನ್ನು ತೆಗೆದುಕೊಂಡರು. ಊಟದ ಹಾಲಿನ ಉದ್ದಕ್ಕೂ ಸಾಸರುಗಳು ಎದ್ದು ಕೂತ ಸದ್ದು.

ಎಲ್ಲರೂ ಹೋದ ಮೇಲೆ ಬಿಳಿಮೀಸೆ ಬಂದು ಒಂದೊಂದೇ ಸಾಸರು ಎತ್ತಿ ನೋಡಿದ. ಯಾವುದರ ಕೆಳಗೂ ಏನೂ ಇರಲಿಲ್ಲ. ಗಡಿಬಿಡಿಯಣ್ಣ ಎದ್ದು ಅವನ ಜೊತೆ ತಟ್ಟೆ ಪೇರಿಸತೊಡಗಿದ.

“ಅಣ್ಣಾ, ನಿಮಗೆ ಆ ಮೊದ್ಲೇ ಕಟ್ಟಿದ ದುಡ್ಡು ಕೈಗೆ ಬರುತ್ತಾ?”

“ಸಂಬಳ ಅಂತ ಒಂಚೂರು ಬರುತ್ತೆ ಸಾರ್. ಟಿಪ್ಸ್ ಅಂತ ಬರಲ್ಲ. ಮುಂಚೆ ಚೆನ್ನಾಗಿತ್ತು, ಜನ ಕೈಗೇ ಕೊಡೋರು.” ಬಿಳಿಮೀಸೆ ತಟ್ಟೆಗಳನ್ನು ಎತ್ತಿ ಹೆಗಲಿಗೆ ಆನಿಸಿಕೊಂಡ. “ಯಾವನೋ ಪುಣ್ಯಾತ್ಮ ಹೋಗಿ ಮಾಲೀಕರ ತಲೆಗೆ ತುಂಬಿದ್ನಂತೆ, ಮೊದ್ಲೇ ಕಟ್ಟಿಸ್ಕೊಂಡ್ರೆ ನಮಗೆಲ್ಲ ಮರ್ಯಾದೆ ಅಂತ. ಅವನೂ ನಮ್ಮಂಗೆ ತಟ್ಟೆ ಎತ್ತೋನೇ ಅಂತೆ ಸಾರ್. ಸಿಕ್ಕಿದ್ರೆ ಸಮುದ್ರಕ್ಕೆ ಎತ್ತಿ ಹಾಕೋಣ ಅಂತ ಇವತ್ತಿಗೂ ಹುಡುಕ್ತಿದೀವಿ.”