ಶಿವನಿಯಲ್ಲಿ ಇಳಿದ ಮಹಾರಾಣಿ

ನಮ್ಮ ಸೋದರಮಾವನಿಗೂ ಒಬ್ಬ ಮಹಾರಾಣಿಗೂ ಏನೋ ಗುಟ್ಟಿನ ನಂಟಿದೆ ಎಂದು ಸಖರಾಯಪಟ್ಟಣದಲ್ಲಿ ಕಡಿಮೆಯೆಂದರೂ ನಾಲ್ಕು ಜನ ನಂಬಿದ್ದಾರೆ. ಐದನೆಯವಳು ನಮ್ಮತ್ತೆ, ಮಾವನ ಧರ್ಮಪತ್ನಿ!

ಸಂಗತಿ ಇಷ್ಟೇ. ಅರವತ್ತೆರಡರ ಮಾವ ತನ್ನ ತೆಂಗಿನ ತೋಟದಲ್ಲಿ ಮಂಚ ಹಾಕಿಕೊಂಡು ಕಾದಂಬರಿ ಬರೆಯತೊಡಗಿದ. ನಾಯಕಿ ಒಬ್ಬ ಪ್ರಸಿದ್ಧ ಮಹಾರಾಣಿ. ಹೆಸರು ಹೇಳಿದರೆ ನೀವು ಕೂತಲ್ಲೇ ಕೈಮುಗಿದುಬಿಡುತ್ತೀರಿ, ಅದಕ್ಕೇ ಹೇಳುವುದಿಲ್ಲ. ಈಕೆ ಪ್ರತಿ ತಿಂಗಳೂ ವ್ರತವೆಂದು ಅರಮನೆಯಲ್ಲಿ ಕೋಣೆಯ ಬಾಗಿಲು ಹಾಕಿಕೊಳ್ಳುತ್ತಾಳೆ. ಆಮೇಲೆ ಹಿತ್ತಿಲಿಂದ ಹೊರಬಿದ್ದು, ರೈಲು ಹತ್ತಿ, ಶಿವನಿಯಲ್ಲಿ ಇಳಿದು, ಹಳ್ಳಿ ಶಾಲೆಯಲ್ಲಿ ಒಂದು ವಾರ ಪಾಠ ಹೇಳುತ್ತಾಳೆ!

"ಉಳಿದ ಮೂರು ವಾರ ಮಕ್ಕಳ ಗತಿ ಏನು ಮಾವ?" ಎಂದೆ.

"ರಜ ಕಣೋ. ಇಲ್ದಿದ್ರೆ ಆ ಟೀಚರ್ ಕಂಡ್ರೆ ಮಕ್ಳಿಗೆ ಅಷ್ಟೊಂದು ಪ್ರಾಣ ಯಾಕಿರುತ್ತೆ?"

ಬರೆದದ್ದೆಲ್ಲ ನಿಜದಂತಿರಬೇಕು ಎಂಬುದು ಮಾವನ ಹಟ. ಅದಕ್ಕಾಗಿ ಶಿವನಿ ಸ್ಟೇಷನ್ನಿಗೇ ಹೋಗಿ ಟಿಕೆಟ್ ಕೊಡುವವನನ್ನು ಕೇಳಿದ: "ಮಹಾರಾಣಿ ಇಳಿಯೋದಾದ್ರೆ ರೈಲು ಇಲ್ಲಿ ಎಷ್ಟು ಹೊತ್ತು ನಿಲ್ಲುತ್ತೆ?"

ಆತ ತಲೆ ಎತ್ತಲಿಲ್ಲ. "ಯಾರೇ ಇಳೀಲಿ ಯಜಮಾನ್ರೇ, ಒಂದೇ ನಿಮಿಷ. ಬಾಗ್ಲ ಹತ್ರ ಬಂದು ನಿಂತಿರೋಕೆ ಹೇಳಿ ಅವ್ರಿಗೆ."

ಮಾವ ಮನೆಗೆ ಬಂದವನೇ ಎಂಟು ಪುಟ ಹರಿದು ಹಾಕಿದ. ಪಲ್ಲಕ್ಕಿಯಿಂದ ಇಳಿಯುವಷ್ಟು ನಿಧಾನವಾಗಿ ಇಳಿಯುತ್ತಿದ್ದ ಮಹಾರಾಣಿ, ಈಗ ಗಂಟು ಮೊದಲು ಎಸೆದು ತಾನು ಹಿಂದೆಯೇ ಹಾರಿಕೊಳ್ಳುತ್ತಾಳೆ!

ಇನ್ನೊಮ್ಮೆ ಅತ್ತೆಯನ್ನೂ ಕರೆದುಕೊಂಡು ಕಡೂರಿನ ಸೀರೆ ಅಂಗಡಿಗೆ ಹೋದ. "ರಾಣಿ ಉಟ್ಟಿದ್ರೂ ಯಾರೂ ರಾಣಿ ಅನ್ಬಾರ್ದು, ಅಂಥ ಸೀರೆ ಹೇಗಿರುತ್ತೆ ತೋರ್ಸಪ್ಪ" ಎಂದ. ಅಂಗಡಿಯವನು ಒಂದು ಕ್ಷಣ ಯೋಚಿಸಿ ಅತ್ತೆಯ ಕಡೆ ಕೈ ತೋರಿಸಿದ: "ಅಮ್ಮಾವ್ರು ಉಟ್ಟಿದಾರಲ್ಲ, ಇದೇ ಸರಿಹೋಗುತ್ತೆ ಬಿಡಿ!"

ಸಖರಾಯಪಟ್ಟಣಕ್ಕೆ ವಾಪಸಾಗುವ ಬಸ್ಸಿನಲ್ಲಿ ಅತ್ತೆ ಮಾವನನ್ನು ಬಿಟ್ಟು ಬೇರೆ ಸೀಟಿನಲ್ಲಿ ಕೂತಳು. ಮನೆಯ ಮೆಟ್ಟಿಲು ಹತ್ತುವಾಗ ಹೇಳಿದಳು: "ಇವತ್ತು ನಿಮ್ಗೆ ಊಟ ನಿಮ್ಮ ರಾಣಿನೇ ಬಡಿಸ್ಲಿ."

ಕಾದಂಬರಿ ಮುಗಿದ ಮಾರನೆಯ ದಿನ ಮಾವ ನೋಟ್‌ಬುಕ್ಕುಗಳನ್ನು ಚೀಲಕ್ಕೆ ತುಂಬಿಕೊಂಡು ತರೀಕೆರೆಗೆ, ನಮ್ಮ ಮನೆಗೆ ಬಂದ. ನಮ್ಮಮ್ಮ ಅವನಿಗಿಂತ ಹನ್ನೆರಡು ವರ್ಷ ದೊಡ್ಡವಳು. ಅವಳು ಅವರೆಕಾಯಿ ಬಿಡಿಸುತ್ತಾ ಕೂತಿದ್ದಳು, ಮಾವ ಎದುರಿಗೆ ಕೂತು ಓದಿದ. ರೈಲಿನಿಂದ ಹಾರಿದ್ದಕ್ಕೆ ಅಮ್ಮ ಬಿದ್ದುಬಿದ್ದು ನಕ್ಕಳು.

ಕೊನೆಯ ಅಧ್ಯಾಯ ಬಂತು. ಮಹಾರಾಣಿಗೆ ಪಾಠ ಹೇಳುವ ಹುಚ್ಚು ಯಾಕೆ? ಚಿಕ್ಕಂದಿನಲ್ಲಿ ಅವಳ ತಾಯಿ ಹೆರಿಗೆಯಾಗಿ ಹಾಸಿಗೆ ಹಿಡಿದಳು. ಕೂಸನ್ನು ನೋಡಿಕೊಳ್ಳಲು ಹುಡುಗಿಯನ್ನು ಏಳನೇ ಕ್ಲಾಸಿಗೇ ಶಾಲೆ ಬಿಡಿಸಿದರು. ತಮ್ಮನನ್ನು ಸೊಂಟದ ಮೇಲೆ ಕೂರಿಸಿಕೊಂಡು ಅವಳು ಶಾಲೆಯ ಕಿಟಕಿಯಾಚೆ ನಿಂತು ಪಾಠ ಕೇಳುತ್ತಿದ್ದಳು.

ಅವರೆಕಾಯಿ ಬಿಡಿಸುವ ಕೈ ನಿಂತಿತು. "ಇದ್ನ ನಿಂಗ್ಯಾರೋ ಹೇಳಿದ್ದು?" ಎಂದಳು ಅಮ್ಮ.

"ಅವ್ವ. ಕಣ್ಣು ಮುಚ್ಚೋಕೆ ಮುಂಚೆ." ಮಾವ ನೋಟ್‌ಬುಕ್ಕಿನಿಂದ ಕಣ್ಣು ಎತ್ತಲಿಲ್ಲ. "ನಾನು ಹುಟ್ಟದಿದ್ರೆ ನೀನು ಟೀಚರ್ ಆಗ್ತಿದ್ದೆ ಅಂತೆ ಅಕ್ಕ."

ನನಗೆ ಇದೊಂದೂ ಗೊತ್ತಿರಲಿಲ್ಲ. ನಮ್ಮಮ್ಮನಿಗೂ ಇಂಥದ್ದೊಂದು ಆಸೆ ಇತ್ತೆಂದು ನಾನು ಯಾವತ್ತಾದರೂ ಕೇಳಿದ್ದೆನೇ?

ಅಮ್ಮ ಸೆರಗಿನಿಂದ ಮುಖ ಒರೆಸಿಕೊಂಡಳು. ಕನ್ನಡಕ ಏರಿಸಿ ನೋಟ್‌ಬುಕ್ ಎಳೆದುಕೊಂಡಳು. ಅರ್ಧ ಪುಟ ಓದುವಷ್ಟರಲ್ಲಿ ಅವಳ ಹುಬ್ಬು ಗಂಟಿಕ್ಕಿತು.

"'ವಿದ್ಯಾರ್ತಿ' ಅಂತ ಬರ್ದಿದೀಯಲ್ಲೋ! ಮಹಾಪ್ರಾಣ ಎಲ್ಲಿ? ಪೆನ್ನು ಕೊಡಿಲ್ಲಿ."

ಮಾವ ಪೆನ್ನು ಕೊಟ್ಟು, ಅಕ್ಕನ ಮುಂದೆ ಕೈಕಟ್ಟಿ ಕೂತ.